ಮಳೆಗಾಲದ ಹ್ಯಾಮ್ ಬ್ಯಾಗು: ಹದಿನಾಲ್ಕು ಕೆಜಿಯಿಂದ ಆರೂವರೆಗೆ

ಮೊನ್ನೆ ಭಾನುವಾರ ಬೆಳಗ್ಗೆ ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ತೋಟದಲ್ಲಿ, ಸುರಿಯುವ ಮಳೆಯಲ್ಲೇ, ಆಪತ್ತಿಗೆಂದು ಕಟ್ಟಿದ ರೇಡಿಯೋ ಬ್ಯಾಗು ಇಳಿಸಿದ ಹನ್ನೊಂದನೇ ನಿಮಿಷಕ್ಕೆ ಹಾಸನದ ಗೆಳೆಯರ ಜೊತೆ ಹ್ಯಾಮ್ ರೇಡಿಯೋದಲ್ಲಿ (ಲೈಸನ್ಸ್ ಪಡೆದ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ) ಮಾತಾಡಿದೆ. 7.110 ಮೆಗಾಹರ್ಟ್ಸ್ ಪಕ್ಕದಲ್ಲಿ, ಬರೀ 10 ವಾಟ್. ಅವರು ಕೊಟ್ಟ ರಿಪೋರ್ಟ್ ಐದು-ಏಳು, ಅಂದರೆ ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ಒಂಬತ್ತಕ್ಕೆ ಏಳು. ಜನವರಿಯಲ್ಲಿ ಇದೇ ಕೆಲಸಕ್ಕೆ ನಲವತ್ತು ನಿಮಿಷ ಹಿಡಿದಿತ್ತು, ಅದೂ ಒಳ್ಳೇ ಬಿಸಿಲಲ್ಲಿ. ಅವತ್ತು ಬ್ಯಾಗು 14 ಕೆಜಿ ಇತ್ತು, ಈಗ ಆರೂವರೆ. ಈ ಆರು ತಿಂಗಳಲ್ಲಿ ಏನೇನು ಬದಲಾಯಿತು ಅಂತ ಬರೆದಿಡುತ್ತಿದ್ದೇನೆ, ನಮ್ಮ ಕಡೆ ಇಂಥದ್ದೊಂದು ಕಟ್ಟಬೇಕು ಅನ್ನುವವರಿಗೆ ಉಪಯೋಗಕ್ಕೆ ಬರಲಿ.

2019ರ ಆಗಸ್ಟನ್ನು ಮೂಡಿಗೆರೆ ತಾಲ್ಲೂಕಿನವರು ಯಾರೂ ಮರೆತಿಲ್ಲ. ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್. ಕರೆಂಟು ಹೋಯಿತು, ಅದರ ಹಿಂದೆಯೇ ಮೊಬೈಲೂ ಸತ್ತಿತು. ಅಕ್ಕ, ಭಾವ ಇದ್ದದ್ದು ಬಾಳೂರಿನ ಕಡೆ. ಎರಡು ದಿನ ಅವರ ಸುದ್ದಿಯೇ ಇಲ್ಲ. ಮೂರನೇ ದಿನ ತೋಟದ ಕೆಲಸದವರೊಬ್ಬರು ನಡೆದುಕೊಂಡು ಬಂದು, ಮನೆಗೇನೂ ಆಗಿಲ್ಲ, ಎಲ್ಲಾ ಚೆನ್ನಾಗಿದ್ದಾರೆ ಅಂದರು. ನನ್ನ ಹತ್ತಿರ ಆಗಲೇ ಲೈಸನ್ಸ್ ಇತ್ತು, ರೇಡಿಯೋನೂ ಇತ್ತು. ಆದರೆ ಅದು ಮೇಜು ಬಿಟ್ಟು ಅಲ್ಲಾಡದ, ಕರೆಂಟಿಲ್ಲದೆ ಉಸಿರಾಡದ ರೇಡಿಯೋ. ಆ ಎರಡು ದಿನ ಇವತ್ತಿಗೂ ನನ್ನನ್ನು ಚುಚ್ಚುತ್ತವೆ.

ಎಲ್ಲರೂ ಮೊದಲು ಕೇಳುವುದು, ಒಂದು ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ) ಸಾಕಲ್ವಾ ಅಂತ. ಬಯಲುಸೀಮೆಯಲ್ಲಿ ಸಾಕಾಗಬಹುದು. ಅದರ 144-146 ಮೆಗಾಹರ್ಟ್ಸಿನ ಅಲೆ ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತದೆ, ಮಧ್ಯೆ ಗುಡ್ಡ ಬಂದರೆ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ ಗುಡ್ಡ ಬಿಟ್ಟರೆ ಇನ್ನೇನಿದೆ? ರಿಪೀಟರ್ (ಎತ್ತರದಲ್ಲಿ ನಿಂತು ಮಾತನ್ನು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ಇದ್ದರೆ ದಾಟಬಹುದು, ಆದರೆ ಅದಕ್ಕೂ ಕರೆಂಟು ಬೇಕು. ಒಂದೇ ತೋಟದೊಳಗೆ ಇಬ್ಬರು ಮಾತಾಡಿಕೊಳ್ಳಲಿ ಅಂತ ಒಂದು ಹ್ಯಾಂಡಿ ಬ್ಯಾಗಿನಲ್ಲಿ ಇಟ್ಟಿದ್ದೇನೆ, ಅಷ್ಟೇ.

ಹಾಗಾಗಿ ಎಚ್‌ಎಫ್, ಅಂದರೆ 3ರಿಂದ 30 ಮೆಗಾಹರ್ಟ್ಸಿನ ಅಲೆಗಳು. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಮೈಕ್ರೋ ಬಿಟ್‌ಎಕ್ಸ್ ಅನ್ನುವ ರೇಡಿಯೋ ತೆಗೆದುಕೊಂಡೆ. ಇದಕ್ಕಿಂತ ಹತ್ತು ಪಟ್ಟು ಪವರ್ ಇರುವ ರಿಗ್‌ಗಳು ಸಿಗುತ್ತವೆ, ಗೊತ್ತು. ಆದರೆ ಇದರ ಸರ್ಕ್ಯೂಟ್ ಎಲ್ಲರ ಮುಂದೆ ಬಿಚ್ಚಿಟ್ಟಿದೆ, ಕೆಟ್ಟರೆ ಮನೆಯಲ್ಲೇ ಕೂತು ರಿಪೇರಿ ಮಾಡಬಹುದು. ಫೆಬ್ರವರಿಯಲ್ಲಿ ಅದೂ ಆಯಿತು. ಕೋಯಾಕ್ಸಿನ (ಆಂಟೆನಾಗೆ ಹೋಗುವ ಕೇಬಲ್) ಒಂದು ಕನೆಕ್ಟರಿನಲ್ಲಿ ಬೆಸುಗೆ ಬಿಟ್ಟಿತ್ತು. ಎಸ್‌ಡಬ್ಲ್ಯೂಆರ್ (ಆಂಟೆನಾಗೆ ಹೋದ ಪವರ್ ಎಷ್ಟು ವಾಪಸ್ ಬರುತ್ತಿದೆ ಅನ್ನುವುದರ ಅಳತೆ, ಒಂದರ ಹತ್ತಿರ ಇದ್ದಷ್ಟೂ ಒಳ್ಳೇದು) ನೋಡದೆ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿಕೊಂಡೇ ಇದ್ದೆ, ಕೊನೆಯ ಹಂತದ ಎರಡು ಐಆರ್‌ಎಫ್510 ಸುಟ್ಟುಹೋದವು. ಅಗ್ಗದ ಟ್ರಾನ್ಸಿಸ್ಟರ್, ಬದಲಾಯಿಸಿದೆ. ಈಗ ಬ್ಯಾಗಿನಲ್ಲಿ ಒಂದು ಜೊತೆ ಹೆಚ್ಚಿಗೆ ಇರುತ್ತದೆ, ಪುಟ್ಟ ಎಸ್‌ಡಬ್ಲ್ಯೂಆರ್ ಮೀಟರೂ ಇರುತ್ತದೆ. ಮೀಟರ್ ನೋಡದೆ ಮಾತು ಶುರುಮಾಡುವುದಿಲ್ಲ.

ಜಾಸ್ತಿ ದಿನ ತಿಂದದ್ದು ಆಂಟೆನಾ. ಮೊದಲು ನೆಟ್ಟಗೆ ನಿಲ್ಲುವ ಕಡ್ಡಿಯಂಥ ವಿಪ್ ತಂದಿದ್ದೆ. ನಿಲ್ಲಿಸುವುದು ಸುಲಭ, ಸಾಗಿಸುವುದೂ ಸುಲಭ. ಚೆನ್ನೈ ಕೇಳುತ್ತಿತ್ತು, ಡೆಲ್ಲಿಯೂ ಕೇಳುತ್ತಿತ್ತು, ಹಾಸನ ಮಾತ್ರ ಕೇಳುತ್ತಿರಲಿಲ್ಲ! ಅಂಥ ಆಂಟೆನಾದ ಅಲೆ ನೆಲಕ್ಕೆ ಓರೆಯಾಗಿ ಹೊರಟು, ಮೇಲೆ ತಾಗಿ, ಎಲ್ಲೋ ದೂರದಲ್ಲಿ ಇಳಿಯುತ್ತದೆ. ಹತ್ತಿರದ ಊರುಗಳೆಲ್ಲ ಅದರ ಕೆಳಗೆ ಉಳಿದುಬಿಡುತ್ತವೆ. ಆಪತ್ತಿನಲ್ಲಿ ನನಗೆ ಡೆಲ್ಲಿ ಯಾಕೆ? ಮೂಡಿಗೆರೆ ಬೇಕು, ಚಿಕ್ಕಮಗಳೂರು ಬೇಕು, ಮಂಗಳೂರು ಬೇಕು.

ಅದಕ್ಕೆ ದಾರಿ ತಗ್ಗಿನಲ್ಲಿ ಕಟ್ಟಿದ ಡೈಪೋಲ್, ಅಂದರೆ ನಡುವಿನಿಂದ ಎರಡೂ ಕಡೆಗೆ ಎಳೆದ ತಂತಿಯ ಆಂಟೆನಾ. ನೆಲದಿಂದ ನಾಲ್ಕೈದು ಮೀಟರ್ ಅಷ್ಟೇ. ಆಗ ಅಲೆ ಸುಮಾರಾಗಿ ನೆತ್ತಿಯ ಮೇಲಕ್ಕೇ ಹೋಗುತ್ತದೆ, ಇನ್ನೂರೈವತ್ತು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಪದರಕ್ಕೆ ತಾಗಿ ಸುತ್ತಲ ಊರುಗಳಿಗೆ ಇಳಿಯುತ್ತದೆ. ಹ್ಯಾಮ್‌ಗಳು ಇದಕ್ಕೆ ಎನ್‌ವಿಐಎಸ್ ಅನ್ನುತ್ತಾರೆ. ಗುಡ್ಡದ ಆಚೆ ಇರುವವರಿಗೆ ಗುಡ್ಡ ಕೊರೆದು ಮಾತು ಕಳಿಸಬೇಕಿಲ್ಲ, ಆಕಾಶದಿಂದ ಇಳಿಸಿದರಾಯಿತು. ಆಂಟೆನಾ ಎತ್ತರ ಇದ್ದಷ್ಟೂ ಒಳ್ಳೇದು ಅಂತ ಇಷ್ಟು ವರ್ಷ ನಂಬಿದ್ದ ನನಗೆ ಇದು ದೊಡ್ಡ ಖುಷಿ ಕೊಟ್ಟಿತು.

ತಂತಿಯ ಅಳತೆ: ಹ್ಯಾಮ್‌ಗಳ ರೂಢಿಯ ಲೆಕ್ಕದಲ್ಲಿ 143 ಅನ್ನು ಮೆಗಾಹರ್ಟ್ಸಿನಿಂದ, ಇಲ್ಲಿ 7.1ರಿಂದ, ಭಾಗಿಸಿದರೆ ಒಟ್ಟು ಸುಮಾರು 20 ಮೀಟರ್, ಅಂದರೆ ಆ ಕಡೆ ಹತ್ತು, ಈ ಕಡೆ ಹತ್ತು. ರಾತ್ರಿ 7 ಮೆಗಾಹರ್ಟ್ಸಿನಲ್ಲಿ ಹತ್ತಿರದವರು ಕೈಬಿಟ್ಟು ಹೋಗುತ್ತಾರೆ, ಆಗ 3.6ಕ್ಕೆ ಇಳಿಯಬೇಕು. ಅದಕ್ಕೆ ಎರಡೂ ತುದಿಗೆ ಇನ್ನೂ ಹತ್ತತ್ತು ಮೀಟರ್ ತಂತಿ ಸೇರಿಸಿದ್ದೇನೆ, ನಡುವೆ ಕ್ಲಿಪ್. ಹಗಲು ಬಿಚ್ಚುವುದು, ರಾತ್ರಿ ಹಾಕುವುದು.

ಕಂಬಕ್ಕೆ ಏನು ಮಾಡುವುದು? ಪಕ್ಕದ ತೋಟದ ಚಿಕ್ಕಪ್ಪ ಅಡಿಕೆ ಕೊನೆ ತೆಗೆಯುವ ಕಾರ್ಬನ್ ಫೈಬರ್ ದೋಟಿ ಕೊಟ್ಟರು. ಹಗುರ, ಉದ್ದ, ಇದಕ್ಕಿಂತ ಬೇಕಾ ಅಂದುಕೊಂಡೆ. ಕಟ್ಟಿ ನೋಡಿದರೆ 1.3 ಇದ್ದ ಎಸ್‌ಡಬ್ಲ್ಯೂಆರ್ ಮೂರು ದಾಟಿತು. ಕಾರ್ಬನ್ ಕರೆಂಟು ಹರಿಯಬಿಡುತ್ತದೆ, ತಂತಿಯ ಪಕ್ಕದಲ್ಲಿ ಅದೂ ಒಂದು ತಂತಿಯೇ. ಅಂದ ಹಾಗೆ, ಇದೇ ಕಾರಣಕ್ಕೆ ಆ ದೋಟಿಯನ್ನು ಕರೆಂಟ್ ಲೈನಿನ ಹತ್ತಿರ ಎತ್ತುವುದು ಜೀವಕ್ಕೇ ಅಪಾಯ, ಅಡಿಕೆ ತೆಗೆಯುವವರೂ ದಯವಿಟ್ಟು ನೆನಪಿಡಿ. ಆಮೇಲೆ ಸಿಲ್ವರ್ ಓಕ್ ಕೊಂಬೆಗೆ ಕಲ್ಲು ಕಟ್ಟಿದ ಹಗ್ಗ ಎಸೆದೆ. ಅದು ಮೆಣಸಿನ ಬಳ್ಳಿಗೆ ಸುತ್ತಿಕೊಂಡು, ಬಿಡಿಸುವಷ್ಟರಲ್ಲಿ ಕಾಲಿಗೆ ನಾಲ್ಕು ಉಂಬಳ ಹತ್ತಿದವು. ಈಗ ಬಿದಿರಿನ ಗಳ. ಐದು ಮೀಟರ್ ಸಾಕು ಅಂದಮೇಲೆ ನಮ್ಮ ಕಡೆ ಯಾರ ಹಿತ್ತಲಿನಲ್ಲಾದರೂ ಒಂದು ಸಿಗುತ್ತದೆ, ಹೊತ್ತುಕೊಂಡು ತಿರುಗಬೇಕಿಲ್ಲ. ನಡುಮಧ್ಯೆ ಗಳ, ಎರಡು ತುದಿ ಕಾಫಿ ಗಿಡಗಳ ಮೇಲೆ ಹಾಯುವ ಹಾಗೆ ಹಗ್ಗ ಎಳೆದು ಕಟ್ಟುವುದು.

ತೂಕ ಇಳಿದದ್ದು ಬ್ಯಾಟರಿಯಿಂದ. ಹಳೇ ಲೆಡ್ ಆಸಿಡ್ ಬ್ಯಾಟರಿ ಒಂದೇ ಎಂಟು ಕೆಜಿ ಮೇಲಿತ್ತು. ಈಗಿನ 12 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಒಂದೂವರೆ ಕೆಜಿ. ಸುಮ್ನೆ ಕೇಳುತ್ತಿದ್ದರೆ ರೇಡಿಯೋ ಸುಮಾರು 200 ಮಿಲಿಆಂಪ್ ಎಳೆಯುತ್ತದೆ, ಮಾತಾಡುವಾಗ 2 ಆಂಪ್. ಗಂಟೆಗೆ ಹತ್ತು ನಿಮಿಷ ಮಾತು ಅಂತ ಹಿಡಿದರೆ ಗಂಟೆಗೆ ಅರ್ಧ ಆಂಪ್-ಅವರ್. ಬ್ಯಾಟರಿಯ ಎಂಬತ್ತು ಪರ್ಸೆಂಟ್ ಬಳಸಿದರೂ ಹತ್ತೊಂಬತ್ತು ಗಂಟೆ ಬರುತ್ತದೆ. ಪ್ಲಸ್ ತಂತಿಯಲ್ಲಿ ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇದೆ, ಉಲ್ಟಾ ಸಿಕ್ಕಿಸಲು ಆಗದಂಥ ಕನೆಕ್ಟರ್ ಇದೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಗಾಬರಿಯಲ್ಲಿ ಯಾರಿಗಾದರೂ ತಪ್ಪಾಗುತ್ತದೆ.

ಇನ್ನೊಂದು ವಿಷಯ ಅಭ್ಯಾಸ ಮಾಡುವಾಗ ಮಾತ್ರ ಗೊತ್ತಾಗುತ್ತದೆ. ಏಪ್ರಿಲಿನಲ್ಲಿ ಒಂದು ಸುಳ್ಳು ಸಂದೇಶ ಕಳಿಸಿ ನೋಡಿದೆವು: ಬಾಳೂರಿನಲ್ಲಿ ಒಬ್ಬರಿಗೆ ಇನ್ಸುಲಿನ್ ಬೇಕು. ಹಾಸನದಲ್ಲಿ ಅದು ಬೇಲೂರು ಅಂತ ಕೇಳಿಸಿತು! ನಿಜವಾಗಿದ್ದರೆ ಔಷಧಿ ಬೇರೆ ಜಿಲ್ಲೆಗೇ ಹೋಗುತ್ತಿತ್ತು. ಅವತ್ತಿನಿಂದ ಊರಿನ ಹೆಸರನ್ನು ಬ್ರಾವೋ, ಆಲ್ಫಾ, ಲಿಮಾ ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತೇವೆ, ಜೊತೆಗೆ ತಾಲ್ಲೂಕು ಹೇಳುತ್ತೇವೆ, ಆ ಕಡೆಯವರು ಪೂರ್ತಿ ತಿರುಗಿ ಓದಿದ ಮೇಲೇ ಮುಂದಿನದು. ಬರೆಯಲು ಪೆನ್ಸಿಲ್, ಯಾಕೆಂದರೆ ತೇವದ ಹಾಳೆಯ ಮೇಲೆ ಬಾಲ್ ಪೆನ್ ಓಡುವುದಿಲ್ಲ.

ಬಾಕಿ ಉಳಿದದ್ದು ಚಾರ್ಜಿಂಗ್. ನಮ್ಮ ಮಳೆಗಾಲದಲ್ಲಿ ಸೋಲಾರ್ ನಂಬಿ ಕೂರುವ ಹಾಗಿಲ್ಲ, ಜೀಪಿನಿಂದಲೇ ಆಗಬೇಕು. ತಂದ ಡಿಸಿ ಚಾರ್ಜರ್ ಆನ್ ಮಾಡಿದರೆ ರೇಡಿಯೋ ತುಂಬಾ ಬುಸ್ ಅನ್ನುವ ಗಲಾಟೆ, ದುರ್ಬಲ ಸ್ಟೇಷನ್‌ಗಳೆಲ್ಲ ಮುಳುಗುತ್ತವೆ. ತಂತಿಗೆ ಫೆರೈಟ್ ಉಂಗುರ ಸುತ್ತಿದ ಮೇಲೆ ಕಡಿಮೆಯಾಗಿದೆ, ಸಾಲದು. ಬೂಷ್ಟು ಇನ್ನೊಂದು ಶತ್ರು. ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ವಾರಕ್ಕೊಮ್ಮೆ ಒಲೆಯ ಪಕ್ಕ ಒಣಗಿಸುತ್ತಿದ್ದೇನೆ.

ಬರುವ ಶನಿವಾರ ಬಾಳೂರಿಗೆ ಹೋಗುತ್ತಿದ್ದೇನೆ. ರಾತ್ರಿ ಎಂಟಕ್ಕೆ ಅಕ್ಕನ ಮನೆ ಅಂಗಳದಿಂದ 3.6ರಲ್ಲಿ ಮೊದಲ ಪರೀಕ್ಷೆ. ಅಕ್ಕನ ಮಗಳು ಲೈಸನ್ಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಪಾಸಾಗುವವರೆಗೆ ಪಿಟಿಟಿ ನನ್ನ ಕೈಯಲ್ಲಿ, ಗಳ ನಿಲ್ಲಿಸುವುದು, ಸಂದೇಶ ಬರೆದುಕೊಳ್ಳುವುದು ಅವಳದು. ಆ ಹೊತ್ತಿಗೆ ರೇಡಿಯೋ ಹತ್ತಿರ ಇರುವವರು ಒಮ್ಮೆ ಕಿವಿಗೊಡಿ, ಎಷ್ಟೇ ಕ್ಷೀಣವಾಗಿ ಕೇಳಿಸಿದರೂ ರಿಪೋರ್ಟ್ ಕೊಡಿ. ಸೆವೆಂಟಿ ತ್ರೀ (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).