ಒಂದೇ ದಿನ ಇದೆ, ಬಿಜಾಪುರದಲ್ಲಿ ಏನು ನೋಡೋಣ?

ಚಳಿಗಾಲ ಬಂತೆಂದರೆ ನನಗೆ ಈ ಫೋನುಗಳು ಶುರುವಾಗುತ್ತವೆ. ಬೆಂಗಳೂರಿನ ಗೆಳೆಯರು, ಹುಬ್ಬಳ್ಳಿಯ ಬೀಗರು, ತಂಗಿಯ ಆಫೀಸಿನವರು. ಎಲ್ಲರೂ ಕೇಳುವುದು ಒಂದೇ: "ಬೆಳಗ್ಗೆ ಬಂದು ಇಳೀತೀವಿ, ರಾತ್ರಿ ವಾಪಸ್. ಅಷ್ಟರಲ್ಲಿ ಏನೇನು ನೋಡಬಹುದು?"

ಮೊದಲೆಲ್ಲ ಹದಿನೈದು ಹೆಸರು ಬರೆದು ಕಳಿಸುತ್ತಿದ್ದೆ. ಅವರು ಆ ಪಟ್ಟಿಯನ್ನು ಆಟೊದವರಿಗೆ ತೋರಿಸಿ, ಒಂದೊಂದು ಕಡೆ ಹತ್ತು ನಿಮಿಷ ಇಳಿದು, ಫೋಟೊ ಹೊಡೆದುಕೊಂಡು ಹೋಗುತ್ತಿದ್ದರು. ವಾರದ ಮೇಲೆ ಅದೇ ಫೋಟೊ ನನಗೆ ಕಳಿಸಿ "ಇದು ಯಾವುದು?" ಎಂದು ಕೇಳುತ್ತಿದ್ದರು. ನನಗೆ ತುಂಬ ಬೇಜಾರಾಗುತ್ತಿತ್ತು. ಅಷ್ಟು ದೂರದಿಂದ ಬಂದವರಿಗೆ ನಮ್ಮೂರು ಸಿಗಲೇ ಇಲ್ಲವಲ್ಲ ಎಂದು.

ಈಗ ಪಟ್ಟಿ ಕೊಡುವುದಿಲ್ಲ. ಮೂರು ಗೋರಿ ನೋಡಿ ಅಂತೀನಿ. ಇಬ್ರಾಹಿಂ ರೋಜಾ, ಗೋಳಗುಮ್ಮಟ, ಬಾರಾ ಕಮಾನ್. ರೋಜಾದಲ್ಲಿ ಮಲಗಿರುವವನು ಎರಡನೇ ಇಬ್ರಾಹಿಂ ಆದಿಲ್‌ಶಾ. ಗುಮ್ಮಟದಲ್ಲಿ ಅವನ ಮಗ ಮೊಹಮ್ಮದ್. ಬಾರಾ ಕಮಾನಿನಲ್ಲಿ ಮೊಮ್ಮಗ ಎರಡನೇ ಅಲಿ. 1580ರಿಂದ 1672ರವರೆಗೆ ಈ ಮೂವರೇ ಇಲ್ಲಿ ಆಳಿದರು. ಒಂದು ಮನೆತನ ಚಂದವಾಗಿ ಬಾಳಿದ್ದು, ದೊಡ್ಡದಾಗಿದ್ದು, ಕೈ ಸೋತಿದ್ದು ಈ ಮೂರು ಕಟ್ಟಡಗಳಲ್ಲೇ ಕಾಣುತ್ತದೆ. ಹೀಗೆ ನೋಡಿದವರು ಯಾರೂ ಆಮೇಲೆ "ಇದು ಯಾವುದು" ಎಂದು ಕೇಳಿಲ್ಲ.

ಲೆಕ್ಕದ ಪ್ರಕಾರ ಅಜ್ಜನಿಂದ ಶುರು ಮಾಡಬೇಕು. ಆದರೆ ಗುಮ್ಮಟ ಇರುವುದು ಊರಿನ ಪೂರ್ವಕ್ಕೆ, ರೋಜಾ ಪಶ್ಚಿಮಕ್ಕೆ, ಬಾರಾ ಕಮಾನ್ ನಡುವೆ. ರೈಲ್ವೆ ಸ್ಟೇಷನ್ ಕೂಡ ಗುಮ್ಮಟದ ಕಡೆಗೇ ಇದೆ. ಹಾಗಾಗಿ ಸೂರ್ಯ ಹೋದ ಹಾಗೆ ನೀವೂ ಹೋಗಿ. ಬೆಳಗ್ಗೆ ಮಗ, ಮಧ್ಯಾಹ್ನ ಮೊಮ್ಮಗ, ಸಂಜೆಗೆ ಅಜ್ಜ.

ಗುಮ್ಮಟಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಇದೊಂದು ಮಾತು ದಯವಿಟ್ಟು ಕೇಳಿ. ಹತ್ತು ಗಂಟೆ ಆಯಿತೆಂದರೆ ಶಾಲೆ ಮಕ್ಕಳ ಬಸ್ಸುಗಳು ಬರುತ್ತವೆ, ಮೇಲೆ ಬರೀ ಕೂಗಾಟ. ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಗೋಪುರಗಳಿವೆ. ಮೆಟ್ಟಿಲು ಇರುವುದು ಅದರೊಳಗೆ. ಕಿರಿದು, ಕಡಿದು, ತುಸು ಕತ್ತಲು. ಒಂದೊಂದು ಅಂತಸ್ತಿಗೂ ನಿಂತು, ಕಮಾನಿನಿಂದ ಊರು ನೋಡಿ, ಉಸಿರು ಬಿಟ್ಟು, ಮತ್ತೆ ಹತ್ತಿ.

ನಮ್ಮ ಅವ್ವನನ್ನು ನಾನು ಹಾಗೇ ಹತ್ತಿಸಿದ್ದು. ಆಗ ಅವಳಿಗೆ ಅರವತ್ತು ದಾಟಿತ್ತು, ಮೊಣಕಾಲು ನೋವು ಬೇರೆ. ಇದೇ ಊರಲ್ಲಿ ಬಾಳೆಲ್ಲ ಕಳೆದರೂ ಮೇಲೆ ಹತ್ತಿರಲಿಲ್ಲ. ಗುಮ್ಮಟದ ಒಳಗೆ ಸುತ್ತಲೂ ಇರುವ ಗ್ಯಾಲರಿಯಲ್ಲಿ ಅವಳನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ನಾನು ಅರ್ಧ ಸುತ್ತು ಬಂದು ಆಚೆ ಬದಿಗೆ ಕೂತೆ. ನಡುವೆ ಸುಮಾರು 124 ಅಡಿ ಬಯಲು, ಕೆಳಗೆ ಆಳದಲ್ಲಿ ಗೋರಿಗಳು. ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದೆ: "ಯವ್ವಾ, ಕೇಳಸಾಕತ್ತೈತೇನ?"

"ಕೇಳಸಾಕತ್ತೈತಿ. ನೀ ಇಲ್ಲೇ ಬಾಜೂಕ ಕುಂತಂಗ ಆಗಾಕತ್ತೈತಿ." ಅವ್ವನ ದನಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಅವಳ ಬಳೆ ಸದ್ದು ಕೂಡ.

ಅದಕ್ಕೇ ಹೇಳುವುದು, ಅಲ್ಲಿ ಕೂಗಬೇಡಿ. ಕೂಗಿದರೆ ಸದ್ದು ಮತ್ತೆ ಮತ್ತೆ ಸುತ್ತಿ ಬರುತ್ತದೆ, ನಿಜ. ಆದರೆ ಆ ಗೋಡೆಯ ದೊಡ್ಡತನ ಗೊತ್ತಾಗುವುದು ಪಿಸುಮಾತಿನಲ್ಲಿ. ಒಂದು ಬೆಂಕಿಕಡ್ಡಿ ಗೀರಿದರೂ ಆಚೆ ಬದಿಗೆ ಕೇಳುತ್ತದೆ.

ಕೆಳಗೆ ಬಂದ ಮೇಲೆ ಒಂದು ಕ್ಷಣ ಮೇಲೆ ನೋಡಿ. ಒಳಗೆ ಪ್ರತಿ ಬದಿ ಸುಮಾರು 135 ಅಡಿಯ ಚೌಕ. ಇಷ್ಟು ದೊಡ್ಡ ಜಾಗಕ್ಕೆ ಒಂದೂ ಕಂಬ ಇಲ್ಲ. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂತದ್ದು ಹೇಗೆ? ಎಂಟು ಕಮಾನುಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಅವು ಮೇಲೆ ಹೋದಂತೆ ಜಾಗ ಕಿರಿದಾಗಿ ಎಂಟು ಮೂಲೆಯಾಗುತ್ತದೆ, ಅದರ ಮೇಲೆ ದುಂಡು ಕೂರುತ್ತದೆ. ಅದೇ ಕಮಾನುಗಳ ಭಾರ ಗುಮ್ಮಟ ಹೊರಗೆ ಜರುಗದ ಹಾಗೆ ಹಿಡಿದಿದೆ. ಕಣ್ಣಿಂದ ಕಮಾನಿನ ಗೆರೆ ಹಿಡಿದು ಹೋದರೆ ನಿಮಗೇ ಗೊತ್ತಾಗುತ್ತದೆ. ನಡುವಿನ ಮರದ ಮಂಟಪದ ಕೆಳಗೆ ಕಾಣುವ ಗೋರಿಗಳು ಗುರುತಿಗೆ ಮಾತ್ರ. ಮೊಹಮ್ಮದನನ್ನು ಹೂತದ್ದು ಅದರಡಿಯ ನೆಲಮನೆಯಲ್ಲಿ. ಅವನು ತೀರಿಕೊಂಡದ್ದು 1656ರಲ್ಲಿ. ಬಿಜಾಪುರದ ರಾಜ್ಯ ಎಲ್ಲಕ್ಕಿಂತ ದೊಡ್ಡದಾಗಿದ್ದು ಅವನ ಕಾಲದಲ್ಲೇ. ಗುಮ್ಮಟ ನೋಡಿದರೆ ಅದು ಗೊತ್ತಾಗುತ್ತದೆ, ಅಲ್ವಾ?

ಎದುರಿಗೇ ಮ್ಯೂಸಿಯಂ ಇದೆ, ಶುಕ್ರವಾರ ರಜೆ. ಆಮೇಲೆ ಪಶ್ಚಿಮಕ್ಕೆ ಹೊರಡಿ. ಸಾಧ್ಯವಾದರೆ ಟಾಂಗಾ ಹಿಡಿಯಿರಿ. ದಾರಿಯಲ್ಲಿ ಜಾಮಿಯಾ ಮಸೀದಿ ಸಿಗುತ್ತದೆ. ಬಿಸಿಲಿನಿಂದ ಒಳಗೆ ಹೋದರೆ ಬಿಳಿ ಕಮಾನುಗಳ ಸಾಲು ಕಣ್ಣಿಗೆ ತಂಪು. ಐದು ನಿಮಿಷ ಸುಮ್ನೆ ಕೂತು ಬನ್ನಿ.

ಬಾರಾ ಕಮಾನಿಗೆ ನಡು ಮಧ್ಯಾಹ್ನ ಹೋಗಿ ಅಂದರೆ ಜನ ಬೇಡ ಅಂತಾರೆ. ನನಗೆ ಅದೇ ಹೊತ್ತು ಸರಿ ಅನಿಸುತ್ತದೆ. ಚಾವಣಿ ಇಲ್ಲದ ಕಟ್ಟಡ ಅದು. ಕಪ್ಪು ಕಲ್ಲಿನ ಕಮಾನುಗಳು ಎದ್ದು ನಿಂತು ಅಲ್ಲಿಗೇ ನಿಂತಿವೆ. ನೆತ್ತಿ ಮೇಲಿನ ಸೂರ್ಯ ನೇರ ಗೋರಿಯ ಮೇಲೆ ಬೀಳುತ್ತಾನೆ. ಅಪ್ಪನದಕ್ಕಿಂತ ದೊಡ್ಡದು ಕಟ್ಟಬೇಕು ಎಂದು ಅಲಿ ಹೊರಟಿದ್ದ ಎನ್ನುತ್ತಾರೆ. ಒಂದು ಕಡೆ ಮೊಗಲರು, ಇನ್ನೊಂದು ಕಡೆ ಶಿವಾಜಿ. 1672ರಲ್ಲಿ ಅಲಿ ತೀರಿಕೊಂಡ. ಹದಿನಾಲ್ಕು ವರ್ಷಕ್ಕೆ, 1686ರಲ್ಲಿ, ಊರೇ ಔರಂಗಜೇಬನ ಕೈಗೆ ಹೋಯಿತು. ಬೆಳಗ್ಗೆ ಗುಮ್ಮಟದ ಆ ಚಾವಣಿ ನೋಡಿ ಬಂದು ಇಲ್ಲಿ ಬರೀ ಆಕಾಶ ನೋಡಿದಾಗ ಎದೆ ಭಾರವಾಗುತ್ತದೆ. ಎಷ್ಟು ಸಲ ಹೋದರೂ ನನಗೆ ಹಾಗೇ.

ಊಟಕ್ಕೆ ಹತ್ತಿರದ ಯಾವುದಾದರೂ ಖಾನಾವಳಿಗೆ ಹೋಗಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮನೆಗೆ ಏನಾದರೂ ಒಯ್ಯಬೇಕೆಂದರೆ ಪೇಟೆಯಲ್ಲಿ ಒಣದ್ರಾಕ್ಷಿ ತಗೊಳ್ಳಿ. ನಮ್ಮ ಜಿಲ್ಲೆಯ ತೋಟಗಳದ್ದೇ. ಒಂದೆರಡು ಬಾಯಿಗೆ ಹಾಕಿ ನೋಡಿಯೇ ತಗೊಳ್ಳಿ, ಅಂಗಡಿಯವರು ಏನೂ ಅನ್ನುವುದಿಲ್ಲ.

ಮುಂದೆ ಕೋಟೆ ಗೋಡೆಯ ಹತ್ತಿರ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಹತ್ತಿರ ಬಗ್ಗಿ ನೋಡಿ, ಸಿಂಹದ ದವಡೆಯಲ್ಲಿ ಒಂದು ಪುಟ್ಟ ಆನೆ ಸಿಕ್ಕಿಕೊಂಡಿದೆ. ಬ್ರಿಟಿಷರ ಕಾಲದಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿದ್ದರಂತೆ. ಪುಣ್ಯಕ್ಕೆ ಆ ಹರಾಜು ರದ್ದಾಯಿತು.

ರೋಜಾಕ್ಕೆ ಹೋಗುವ ಮೊದಲು ತಾಜ್ ಬಾವಡಿ. 1620ರಲ್ಲಿ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ ಕಟ್ಟಿದ ಬಾವಿ. ಬಾವಿ ಅಂದರೆ ಕೆರೆಯಷ್ಟು ಅಗಲ. ನಾನು ಚಿಕ್ಕವನಿದ್ದಾಗ ಅದರ ನೀರು ಕಾಣುತ್ತಲೇ ಇರಲಿಲ್ಲ, ಮೇಲೆಲ್ಲ ಕಸ. ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಸ್ವಚ್ಛ ಮಾಡಿದರು. ಮೊದಲ ಸಲ ಆ ಕಮಾನಿನ ನೆರಳು ನೀರಲ್ಲಿ ಬಿದ್ದದ್ದು ನೋಡಿ ನನ್ನ ಕಣ್ಣು ತುಂಬಿ ಬಂತು. ಬಾಟಲಿ, ಹೂವು, ಚೀಲ ಯಾವುದನ್ನೂ ಅದರಲ್ಲಿ ಹಾಕಬೇಡಿ. ಬೇರೆಯವರು ಹಾಕಿದರೆ ಬೇಡ ಎಂದು ಹೇಳಿ.

ಇಬ್ರಾಹಿಂ ರೋಜಾಕ್ಕೆ ನಾಲ್ಕೂವರೆಯೊಳಗೆ ತಲುಪಿ. ಒಂದು ಎತ್ತರದ ಕಟ್ಟೆ, ಅದರ ಮೇಲೆ ಎದುರು ಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕೊಳ. ಮಗನ ಕಟ್ಟಡ ಅಷ್ಟು ದೊಡ್ಡದು, ಅಪ್ಪನದು ಇಷ್ಟು ನಾಜೂಕು. ಇಬ್ರಾಹಿಂ ಸಂಗೀತದ ಹುಚ್ಚಿನವನು. ದಖನಿ ಭಾಷೆಯಲ್ಲಿ ಸರಸ್ವತಿಯನ್ನು ಹೊಗಳಿ ಪದ ಬರೆದವನು. ಇದನ್ನು ಕಟ್ಟಿಸಲು ಶುರು ಮಾಡಿದ್ದು ತಾಜ್ ಸುಲ್ತಾನಾಗಾಗಿ. ಆದರೆ 1627ರಲ್ಲಿ ಅವನೇ ಮೊದಲು ಹೋದ. ಈಗ ಇಬ್ಬರೂ ಇಲ್ಲೇ ಇದ್ದಾರೆ. ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಗೋಡೆಯ ಮೇಲೆ ಕೆತ್ತಿದ್ದಾರೆ. ಕಟ್ಟಿದವನ ಹೆಸರು ಉಳಿದಿದೆಯಲ್ಲ ಎಂದು ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಒಳಗೆ ಹೋದರೆ ತಲೆಯ ಮೇಲೆ ಸಪಾಟಾದ ಕಲ್ಲಿನ ಚಾವಣಿ. ಅದನ್ನು ನೋಡಿ ಮುಗಿದ ಮೇಲೆ ಕಿಟಕಿಯ ಹತ್ತಿರ ಬನ್ನಿ. ಆ ಕಿಟಕಿಗಳಿಗೆ ಸರಳು ಇಲ್ಲ. ಕಲ್ಲನ್ನೇ ಅರಬ್ಬಿ ಅಕ್ಷರಗಳಾಗಿ ಕೊರೆದು ಜಾಲರಿ ಮಾಡಿದ್ದಾರೆ. ಅಕ್ಷರ ಕಲ್ಲು, ನಡುವಿನ ಜಾಗ ಬೆಳಕು. ಬಿಸಿಲು ಇಳಿದಂತೆ ಪಶ್ಚಿಮದ ಕಿಟಕಿಯಲ್ಲಿ ಅಕ್ಷರಗಳು ಕಪ್ಪಾಗುತ್ತಾ, ಸಂದುಗಳು ಕೆಂಪಾಗುತ್ತಾ ಹೋಗುತ್ತವೆ. ಫೋನು ಜೇಬಿನಲ್ಲಿರಲಿ. ಕಾವಲಿನವರು ಬಂದು ಹೊತ್ತಾಯಿತು ಎನ್ನುವವರೆಗೂ ಅಲ್ಲೇ ಕಟ್ಟೆಯ ಮೇಲೆ ಕೂತಿರಿ.