ತಾರಾಪೋರ್ ಅವರ ಪೆನ್ನು

ಇವತ್ತು ಬೆಳಗ್ಗೆಯಿಂದ ಲೆಫ್ಟಿನೆಂಟ್ ಕರ್ನಲ್ ಆರ್ದೇಶಿರ್ ತಾರಾಪೋರ್ ಅವರೇ ತಲೆಯಲ್ಲಿದ್ದಾರೆ. 1965ರ ಭಾರತ-ಪಾಕಿಸ್ತಾನ ಯುದ್ಧ, ಪಾಕಿಸ್ತಾನದ ಸಿಯಾಲ್‌ಕೋಟ್ ಕಡೆಯ ರಣರಂಗ. ಪೂನಾ ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿನ ಕಮಾಂಡರ್ ಅವರು.

ಸೆಪ್ಟೆಂಬರ್ 11ರಂದು ಫಿಲ್ಲೋರಾದಲ್ಲಿ ಗಾಯವಾಯಿತು. ಹಿಂದಕ್ಕೆ ಹೋಗಿ ಚಿಕಿತ್ಸೆ ತಗೊಳ್ಳಿ ಅಂದರೆ ಒಪ್ಪಲಿಲ್ಲ. ಗಾಯದಲ್ಲೇ ವಜೀರ್‌ವಾಲಿ, ಜಸ್ಸೋರನ್, ಬುತೂರ್ ಡೋಗ್ರಾಂಡಿ ಅಂತ ಮುಂದೆ ಮುಂದೆ ಹೋದರು. 16ರಂದು ರಣರಂಗದಲ್ಲೇ ತೀರಿಕೊಂಡರು. ಆಗ 42 ವರ್ಷ. ಅವರ ರೆಜಿಮೆಂಟ್ ಶತ್ರುವಿನ ಸುಮಾರು 60 ಟ್ಯಾಂಕ್ ಹೊಡೆದು, ತನ್ನದು 9 ಮಾತ್ರ ಕಳೆದುಕೊಂಡಿತು ಅಂತ ಅವರಿಗೆ ಸಿಕ್ಕ ಪರಮವೀರ ಚಕ್ರದ ಪ್ರಶಸ್ತಿ ಪತ್ರವೇ ಹೇಳುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಬೇರೆಯದು. ಅವರು ಯುದ್ಧದ ನಡುವೆಯೇ ಜೊತೆಗಾರ ಅಧಿಕಾರಿಗೆ ಹೇಳಿಟ್ಟಿದ್ದರಂತೆ: ನಾನು ಸತ್ತರೆ ಇಲ್ಲೇ ರಣರಂಗದಲ್ಲೇ ದಹನ ಮಾಡಿ. ಪ್ರಾರ್ಥನಾ ಪುಸ್ತಕ ಅಮ್ಮನಿಗೆ, ಚಿನ್ನದ ಸರ ಹೆಂಡತಿಗೆ, ಉಂಗುರ ಮಗಳಿಗೆ, ಪೆನ್ನು ಮಗನಿಗೆ.

ಎಷ್ಟು ಸಲೀಸಾಗಿ ಹಂಚಿಬಿಟ್ಟರು ಅಲ್ವಾ? ಸುತ್ತ ಶೆಲ್ ಬೀಳುತ್ತಿರುವಾಗ ಮನೆಯ ಒಬ್ಬೊಬ್ಬರ ಮುಖವೂ ನೆನಪಿಗೆ ಬಂದಿರಬೇಕು. ಧೈರ್ಯ ಅಂದರೆ ಮನೆ ಮರೆತು ನುಗ್ಗುವುದು ಅಂದುಕೊಂಡಿದ್ದೆ. ಇವರು ಎಲ್ಲರನ್ನೂ ನೆನೆದು, ಆಮೇಲೆ ಟ್ಯಾಂಕ್ ಹತ್ತಿದವರು. ಪಾರ್ಸಿಗಳಲ್ಲಿ ಸಾಮಾನ್ಯವಾಗಿ ದಹನದ ಪದ್ಧತಿ ಇಲ್ಲ; ಇವರು ಪಾರ್ಸಿಯಾಗಿದ್ದರೂ ದಹನವನ್ನೇ ಕೇಳಿದ್ದರು. ಹೇಳಿದಂತೆಯೇ ನಡೆಯಿತು.

ಇದೇ ಪೂನಾ ಹಾರ್ಸ್‌ಗೆ ಎರಡನೇ ಪರಮವೀರ ಚಕ್ರ ಬಂದದ್ದು 1971ರಲ್ಲಿ, ಬಸಂತರ್ ಕಾಳಗದಲ್ಲಿ. ಅರುಣ್ ಖೇತರ್‌ಪಾಲ್, 21ರ ಹುಡುಗ. ಅವರ ಬಗ್ಗೆಯೂ ಬರೆಯಬೇಕು, ಇನ್ನೊಂದು ದಿನ.