ಕಾಕುಗೆ ಬಂದ ಲಕೋಟೆ

ಭತ್ತ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದು. ಗಂಗಾವತಿಯ ನಮ್ಮ ಕಾಕು, ಅಂದರೆ ಚಿಕ್ಕಮ್ಮನ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬಂದಿತ್ತು. ಒಳಗೆ ಸ್ಕ್ರ್ಯಾಚ್ ಕಾರ್ಡು, ದೊಡ್ಡ ಕಂಪನಿಯ ಹೆಸರು, ದುಂಡನೆಯ ಸೀಲು. ಗೀಚಿದರೆ ಕಾರು ಬಹುಮಾನ. ಕಾಕು ಫೋನ್ ಮಾಡಿದ್ದಾರೆ. ಆ ಕಡೆಯವನು "ಅಮ್ಮಾ, ಕಾರು ಬೇಡ ಅಂದ್ರೆ ದುಡ್ಡೇ ಕೊಡ್ತೀವಿ" ಅಂದನಂತೆ. ನೋಂದಣಿ ಶುಲ್ಕ ಅಂತ 6,500 ರೂಪಾಯಿ ಹಾಕಿಸಿಕೊಂಡ. ಮರುದಿನ ಜಿಎಸ್‌ಟಿ ಅಂತ 18,000 ಕೇಳಿದ.

ನಾನು ಹೋದದ್ದು ಆ ಹೊತ್ತಿಗೆ. ಕಾಕು ಬ್ಯಾಂಕಿಗೆ ಹೊರಟಿದ್ದರು. ಯಾಕೆ ಅಂದರೆ ಬಾಯಿ ಬಿಡಲಿಲ್ಲ. ಬಹಳ ಕೇಳಿದ ಮೇಲೆ, "ಕಾರು ಬಾಗಿಲಿಗೆ ಬರೂ ತನಕ ಯಾರಿಗೂ ಹೇಳಬ್ಯಾಡ್ರಿ ಅಂದಾನಪ್ಪ" ಅಂದರು.

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ದುಡ್ಡು ಕೇಳಿದ್ದಕ್ಕಿಂತ ಇದು ದೊಡ್ಡ ಮೋಸ. ಮನೆಯ ಒಬ್ಬರ ಕಿವಿಗೆ ಬಿದ್ದರೂ ಆಟ ಮುಗಿಯುತ್ತದೆ ಅಂತ ಅವನಿಗೆ ಗೊತ್ತು. ಕಾಕುಗೆ ಇದ್ದದ್ದು ದುರಾಸೆಯಲ್ಲ. ಮಗಳ ಮದುವೆ ಸಾಲ ತೀರೀತು ಅನ್ನುವ ಆಸೆ.

"ಕಾಕು, ನಿಜವಾದ ನಗದು ಬಹುಮಾನ ಆಗಿದ್ರೆ ಶೇಕಡಾ 30 ತೆರಿಗೆ ಮುರಿದುಕೊಂಡೇ ಉಳಿದದ್ದು ಕೊಡ್ತಾರೆ. ನಮ್ಮ ಹತ್ರ ಮೊದಲೇ ಕೇಳಲ್ಲ. ಲಾಟರಿ ಅಂತೂ ಕರ್ನಾಟಕದಲ್ಲಿ 2007ರಿಂದ ಬಂದ್ ಆಗೇತಿ" ಅಂದೆ. ಅವರು ಸುಮ್ನೆ ಕೂತರು.

ಅಲ್ಲಿಂದಲೇ 1930ಕ್ಕೆ ಫೋನ್ ಮಾಡಿದೆವು. ಸೈಬರ್ ವಂಚನೆಯ ಸಹಾಯವಾಣಿ ಇದು. ಹಣ ಹೋದ ದಿನ, ಹೊತ್ತು, ವಹಿವಾಟಿನ ನಂಬರು, ಯಾವ ಖಾತೆಗೆ ಹೋಯಿತು ಅನ್ನುವುದನ್ನು ಕೇಳುತ್ತಾರೆ. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು, ಯಾಕಂದರೆ ಆ ಹಣ ಇನ್ನೂ ಬ್ಯಾಂಕ್ ಖಾತೆಗಳಲ್ಲಿ ಉಳಿದಿದ್ದರಷ್ಟೇ ತಡೆಹಿಡಿಯಲು ಆಗುತ್ತದೆ. ಆಮೇಲೆ ಬ್ಯಾಂಕಿಗೂ ತಿಳಿಸಿ, ಲಕೋಟೆ ಸಮೇತ ಠಾಣೆಗೆ ಹೋದೆವು. ದೂರಿನ ನಂಬರು ಸಿಕ್ಕಿತು. ಹಣ ಇನ್ನೂ ಬಂದಿಲ್ಲ.

ನಾಚಿಕೊಂಡು ಬಾಯಿ ಮುಚ್ಚಿಕೊಳ್ಳುವವರೇ ಜಾಸ್ತಿ, ಅಲ್ವಾ? ಕಾಕು ಹಾಗೆ ಮಾಡಲಿಲ್ಲ. ಆ ವಾರದ ಸ್ತ್ರೀಶಕ್ತಿ ಸಂಘದ ಸಭೆಗೆ ಲಕೋಟೆಯ ಜೆರಾಕ್ಸ್ ಒಯ್ದು ಎಲ್ಲರ ಮುಂದೆ ಹೇಳಿದರು. ಸಭೆ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಮನೆಗೆ ಓಡಿ ಹೋಗಿ ಅಂಥದ್ದೇ ಲಕೋಟೆ ತಂದಳು. ಗಂಡನಿಗೂ ಹೇಳಿರಲಿಲ್ಲವಂತೆ. ದುಡ್ಡು ಇನ್ನೂ ಹಾಕಿರಲಿಲ್ಲ.